ಹಕ್ಕಲು ಆಯ್ದವಳ ವಂಶದಲ್ಲಿ

(ಮಾತೆ ಮರಿಯಮ್ಮನವರ ಜನನೋತ್ಸವ ಹಾಗೂ ತೆನೆ ಹಬ್ಬದ ಪ್ರಬೋಧನೆ)



ಒಂಬತ್ತು ದಿನಗಳ ನವೇನವನ್ನು ಮುಗಿಸಿ ಇಂದು ಮಾತೆ ಮರಿಯಮ್ಮನವರ ಹುಟ್ಟುಹಬ್ಬವನ್ನು ಆಚರಿಸಲು ನಾವೆಲ್ಲರೂ ಇಲ್ಲಿ ಸೇರಿದ್ದೇವೆ. ಕೆಲವರು ಬಂಗಾರಪೇಟೆಯಿಂದ, ಕೆಲವರು ಕೆ.ಜಿ.ಎಫ್.ನಿಂದ ಬಂದಿದ್ದೀರಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಇವತ್ತು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ ಎಂಬುದೂ ನಮಗೆ ಗೊತ್ತಿದೆ.

ಪೂಜಾಪೀಠದ ಮುಂದೆ ಬುಟ್ಟಿಯಲ್ಲಿ ತೆನೆಗಳನ್ನು ಇಟ್ಟಿದ್ದೇವೆ. ಮಕ್ಕಳು ಆಗಿನಿಂದ ಅದನ್ನೇ ನೋಡುತ್ತಿದ್ದಾರೆ. ಅದರಲ್ಲಿ ಮುಸುಕಿನ ಜೋಳದ ತೆನೆಗಳಿವೆ, ಬೋರ್‌ವೆಲ್ ನೀರಿನಲ್ಲಿ ಬೆಳೆದ ಒಂದು ಹಿಡಿ ಭತ್ತದ ತೆನೆ ಇದೆ. ರಾಗಿ ಇಲ್ಲ. ನಮ್ಮೂರಿನ ತೆನೆ ಹಬ್ಬದಲ್ಲಿ ನಮ್ಮೂರಿನ ತೆನೆಯೇ ಇಲ್ಲವಲ್ಲ ಎಂದು ನಿನ್ನೆ ಸಂಜೆ ಬಲಿಪೀಠ ಅಲಂಕರಿಸುತ್ತಿದ್ದ ಹುಡುಗನೊಬ್ಬ ಕೇಳಿದ. ಅವನಿಗೆ ನಾವು ಕೊಟ್ಟ ಉತ್ತರ ಸುಲಭದ್ದು. ಮಂಗಳೂರು, ಉಡುಪಿ ಕಡೆ ಸೆಪ್ಟೆಂಬರ್ 8ರ ಹೊತ್ತಿಗೆ ಭತ್ತ ತೆನೆ ಕಟ್ಟಿರುತ್ತದೆ. ಅಲ್ಲಿನ ಕೊಂಕಣಿ ಕ್ರೈಸ್ತರು ಮೊಂತಿ ಫೆಸ್ತ್ ಎಂದು ಇದನ್ನು ಆಚರಿಸಿ, ಹೊಸ ಅಕ್ಕಿಯನ್ನು ಪಾಯಸಕ್ಕೆ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಈಗ ರಾಗಿ ಮೊಣಕಾಲುದ್ದ ಇದೆ. ಕೊಯ್ಲು ನವೆಂಬರ್, ಡಿಸೆಂಬರಿಗೆ. ಹಾಗಾಗಿ ನಾವು ಇನ್ನೂ ಬಾರದ ಬೆಳೆಗೆ ಮುಂಗಡವಾಗಿ ಕೃತಜ್ಞತೆ ಸಲ್ಲಿಸುವ ಜನ. ಹುಡುಗ ತಲೆಯಾಡಿಸಿ ಹೋದ. ಆದರೆ ಅವನು ಹೋದ ಮೇಲೆ ಅವನ ಪ್ರಶ್ನೆ ಇನ್ನೊಂದು ಅರ್ಥದಲ್ಲಿ ನಮ್ಮನ್ನು ಕಾಡಿತು. ಡಿಸೆಂಬರಿಗೆ ಬಂದು ಹುಡುಕಿದರೂ, ನಮ್ಮ ಧರ್ಮಕೇಂದ್ರದ ಎಷ್ಟು ಮನೆಗಳ ಹೊಲದಲ್ಲಿ ರಾಗಿ ತೆನೆ ಸಿಕ್ಕೀತು?

ಇಂದಿನ ಶುಭಸಂದೇಶವನ್ನು ಕೇಳಿದಿರಿ. ಅದು ಬರಿಯ ಹೆಸರುಗಳ ಪಟ್ಟಿ. ಅಬ್ರಹಾಮನಿಂದ ಹಿಡಿದು ಜೋಸೆಫರವರೆಗೆ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರುಗಳು. ಓದುವವರಿಗೆ ನಾಲಿಗೆ ತೊಡರುತ್ತದೆ, ಕೇಳುವವರಿಗೆ ನಿದ್ದೆ ಬರುತ್ತದೆ. (ಹಿಂದಿನ ಸಾಲಿನಲ್ಲಿ ಒಬ್ಬರಿಗೆ ಬಂದದ್ದನ್ನು ನಾವು ನೋಡಿದೆವು, ಹೆಸರು ಹೇಳುವುದಿಲ್ಲ.) ಆದರೆ ಈ ಗಂಡಸರ ಪಟ್ಟಿಯ ನಡುವೆ ಸಂತ ಮತ್ತಾಯರು ಮರಿಯಮ್ಮನವರಿಗಿಂತ ಮುಂಚೆ ನಾಲ್ವರು ಹೆಂಗಸರನ್ನು ತಂದು ಕೂರಿಸಿದ್ದಾರೆ. ಅವರಲ್ಲಿ ಒಬ್ಬಳು ರೂತಳು. ದಾವೀದ ಅರಸನ ಮುತ್ತಜ್ಜಿ. ಅಂದ ಮೇಲೆ ಪ್ರಭು ಯೇಸುಸ್ವಾಮಿಯ ವಂಶದ ಅಜ್ಜಿ.

ರೂತಳ ಕಥೆ ನಿಮಗೆ ಗೊತ್ತು. ಬೆತ್ಲೆಹೇಮಿನಲ್ಲಿ ಬರ ಬಂತು. ಆ ಊರಿನ ಹೆಸರಿನ ಅರ್ಥವೇ ರೊಟ್ಟಿಯ ಮನೆ ಎಂದು, ಆ ರೊಟ್ಟಿಯ ಮನೆಯಲ್ಲೇ ರೊಟ್ಟಿ ಇಲ್ಲವಾಯಿತು. ನವೋಮಿಯ ಸಂಸಾರ ಗುಳೆ ಎದ್ದು ಮೋವಾಬ್ ದೇಶಕ್ಕೆ ಹೋಯಿತು. ಅಲ್ಲಿ ಗಂಡನೂ ಇಬ್ಬರು ಮಕ್ಕಳೂ ತೀರಿಕೊಂಡರು. ಹಿಂದಿರುಗಿದವರು ಇಬ್ಬರು ವಿಧವೆಯರು, ಒಬ್ಬಳು ಮುದುಕಿ, ಇನ್ನೊಬ್ಬಳು ಪರದೇಶದ ಸೊಸೆ. ಕೈಯಲ್ಲಿ ಕಾಸಿಲ್ಲ. ಆಗ ರೂತಳು ಬೋವಜನ ಹೊಲಕ್ಕೆ ಹೋಗಿ ಜವೆಗೋಧಿ ಕೊಯ್ಯುವವರ ಹಿಂದೆ ಹಿಂದೆ ನಡೆದು ಹಕ್ಕಲು ಆಯ್ದಳು.

ಹಕ್ಕಲು ಎಂಬ ಮಾತು ಇಲ್ಲಿರುವ ಅಜ್ಜಿಯರಿಗೆ ಗೊತ್ತು. ಮಕ್ಕಳಿಗೆ ಹೇಳಬೇಕು. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವುದು ಹಕ್ಕಲು. ನಾವು ಚಿಕ್ಕವರಿದ್ದಾಗ, 1980ರ ದಶಕದ ಕೊನೆಯಲ್ಲಿ, ನಮ್ಮ ಮನೆಯ ಹೊಲದಲ್ಲಿ ರಾಗಿ ಕೊಯ್ದು ಮೆದೆ ಹಾಕಿದ ಮಾರನೆಯ ದಿನ ಕೇರಿಯ ಹೆಂಗಸರು ಮಡಿಲು ಕಟ್ಟಿಕೊಂಡು ಬರುತ್ತಿದ್ದರು. ನಮ್ಮ ತಾತ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ಬೇರೆ ಕಡೆ ನೋಡುತ್ತಿದ್ದರು. ಅವರೇನು ದೊಡ್ಡ ಧರ್ಮಾತ್ಮರಲ್ಲ, ಕೂಲಿಯ ವಿಷಯದಲ್ಲಿ ಬಹಳ ಬಿಗಿ. ಆದರೆ ಹಕ್ಕಲಿನ ತೆನೆಯನ್ನು ಅವರು ತಮ್ಮದೆಂದು ಎಂದೂ ಎಣಿಸಲಿಲ್ಲ. ಒಮ್ಮೆ ನಾವು ಮಕ್ಕಳು ಪೈಪೋಟಿಯಿಂದ ಆ ತೆನೆಗಳನ್ನು ಆಯ್ದು ತಂದು ಅಂಗಳದಲ್ಲಿ ಸುರಿದಾಗ ನಮಗೆ ಬಿದ್ದ ಪೆಟ್ಟು ಇಂದಿಗೂ ನೆನಪಿದೆ. ಅದು ಅವರ ಪಾಲು, ಮುಟ್ಟಬೇಡಿ ಎಂದರು. ದಾನ ಅನ್ನಲಿಲ್ಲ, ಪಾಲು ಅಂದರು.

ಪವಿತ್ರ ಗ್ರಂಥವೂ ಅದನ್ನೇ ಹೇಳುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯವನ್ನು ಮನೆಗೆ ಹೋಗಿ ತೆರೆದು ನೋಡಿ. ಹೊಲವನ್ನು ಅಂಚಿನವರೆಗೂ ಕೊಯ್ಯಬಾರದು, ಉದುರಿದ್ದನ್ನು ಆಯ್ದುಕೊಳ್ಳಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂಬ ಆಜ್ಞೆ ಅಲ್ಲಿದೆ. ಧರ್ಮೋಪದೇಶಕಾಂಡ ಇದರ ಜೊತೆಗೆ ಅನಾಥರನ್ನೂ ವಿಧವೆಯರನ್ನೂ ಸೇರಿಸುತ್ತದೆ. ಇಷ್ಟವಿದ್ದರೆ ಬಿಡು ಎಂದಲ್ಲ, ಬಿಡಲೇಬೇಕು ಎಂದು. ಬೋವಜ ಒಳ್ಳೆಯವನು, ಕಟ್ಟಿನಿಂದಲೂ ನಾಲ್ಕು ತೆನೆ ಎಳೆದು ಹಾಕಿರೆಂದು ಆಳುಗಳಿಗೆ ಹೇಳಿದ. ಆದರೆ ಅವನು ಒಳ್ಳೆಯವನಾಗಿರದಿದ್ದರೂ ರೂತಳಿಗೆ ಆ ಹೊಲಕ್ಕೆ ಕಾಲಿಡುವ ಹಕ್ಕಿತ್ತು. ಆ ಹಕ್ಕಿನಿಂದ ಒಂದು ಕುಟುಂಬ ಉಳಿಯಿತು. ಆ ಕುಟುಂಬದಿಂದ ದಾವೀದ ಬಂದ, ಕಾಲ ತುಂಬಿದಾಗ ರಕ್ಷಕ ಬಂದರು. ಬೋವಜನ ಹೊಲದಲ್ಲಿ ಅಂದು ಜವೆಗೋಧಿಯ ಬದಲು ನೀಲಗಿರಿ ಮರಗಳಿದ್ದಿದ್ದರೆ ರೂತಳು ಏನನ್ನು ಆಯುತ್ತಿದ್ದಳು?

ನಗಬೇಡಿ. ತಮಾಷೆಗೆ ಹೇಳಿದ ಮಾತಲ್ಲ.

ಕಾಮಸಮುದ್ರದಿಂದ ಬಂಗಾರಪೇಟೆಗೆ ಹೋಗುವಾಗ ಕಿಟಕಿಯಿಂದ ನೋಡಿ. ಮಾವಿನ ತೋಪು, ಟೊಮ್ಯಾಟೊ ಕಡ್ಡಿಗಳ ಸಾಲು, ಹಿಪ್ಪುನೇರಳೆ, ನಡುನಡುವೆ ನೇರವಾಗಿ ನಿಂತ ನೀಲಗಿರಿ. ಆಮೇಲೆ ಕಲ್ಲುಕಂಬ, ಮುಳ್ಳುತಂತಿ, ಒಂದು ಬೋರ್ಡು. ಒಂದು ಕಾಲದಲ್ಲಿ ಇದರಲ್ಲಿ ಬಹುಪಾಲು ರಾಗಿ ಹೊಲ. ಬರೀ ರಾಗಿಯೂ ಅಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು ಬಿತ್ತುತ್ತಿದ್ದರು. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆ ಉಳಿಯುತ್ತಿತ್ತು. ಮನೆಗೆ ಹಿಟ್ಟು, ಸಾರಿಗೆ ಬೇಳೆ, ದೀಪಕ್ಕೆ ಎಣ್ಣೆ, ದನಕ್ಕೆ ಹುಲ್ಲು, ಇಷ್ಟೂ ಒಂದೇ ಹೊಲದಿಂದ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಡಾಕ್ಟರುಗಳು ಈಗ ರಾಗಿ ತಿನ್ನಿ ಎಂದು ಬರೆದುಕೊಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಮೂವತ್ತನೆಯ ಒಂದು ಪಾಲೂ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಬೆಂಗಳೂರಿನ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತಿಗೆ ಬಣ್ಣದ ಪೊಟ್ಟಣ ಬಂತು. ನಮ್ಮ ಹಳ್ಳಿಗಳಲ್ಲಿ ಆ ವರ್ಷ ಜನ ಮಾತಾಡಿದ್ದು ಟೊಮ್ಯಾಟೊ ಬಗ್ಗೆ. ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಒಂದು ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಆ ಆಸೆಗೆ ಸಾಲ ಮಾಡಿ ಟೊಮ್ಯಾಟೊ ಇಟ್ಟವರು ಆಮೇಲೆ ರಸ್ತೆ ಬದಿಗೆ ಸುರಿದದ್ದನ್ನೂ ನಾವು ನೋಡಿದ್ದೇವೆ.

ನೀಲಗಿರಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ನಮ್ಮ ಯುವಕರು ಇದು ಮೊದಲಿನಿಂದಲೂ ಇದ್ದ ಮರ ಎಂದುಕೊಂಡಿದ್ದಾರೆ. ನಮ್ಮ ಸೀಮೆಗೆ ಇದು ಮೊದಲು ಬಂದದ್ದು ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿ ಬೆಟ್ಟದ ತೋಟಕ್ಕೆ. ಎರಡು ನೂರು ವರ್ಷ ಅದು ತೋಟದಲ್ಲಿ, ಸರ್ಕಾರಿ ಕಾಡಿನಲ್ಲಿ ಇತ್ತು. ಹೊಲಕ್ಕೆ ಇಳಿದದ್ದು ಸಾಮಾಜಿಕ ಅರಣ್ಯದ ಹೆಸರಿನಲ್ಲಿ. ಹಳ್ಳಿಯ ಜನರಿಗೆ ಸೌದೆ, ದನಗಳಿಗೆ ಮೇವು ಸಿಗಲಿ ಎಂಬುದು ಯೋಜನೆಯ ಮಾತಾಗಿತ್ತು. ಸಸಿಗಳನ್ನು ಧಾರಾಳವಾಗಿ ಕೊಟ್ಟರು. ಆದರೆ ಸೌದೆ ಹಳ್ಳಿಗೆ ಬರಲಿಲ್ಲ, ಮರ ಲಾರಿ ಹತ್ತಿ ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ಹೋಯಿತು. ಆ ಎಲೆಯನ್ನಂತೂ ಮೇಕೆ ಕೂಡ ಮೂಸುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲಗಳು ಹೀಗೆ ಮರಕ್ಕೆ ಹೋಗುತ್ತಿರುವುದನ್ನೂ ಕೂಲಿಯವರ ಕೆಲಸ ಹೋಗುತ್ತಿರುವುದನ್ನೂ ವಂದನಾ ಶಿವ ಮತ್ತು ಅವರ ಸಂಗಡಿಗರು 1981ರಲ್ಲೇ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಗೆ ಒಂದು ಅಧ್ಯಯನದಲ್ಲಿ ಬರೆದು ಕೊಟ್ಟಿದ್ದರು. ಕೇಳಿದವರು ಕಡಿಮೆ.

ಕೂಲಿಯ ಲೆಕ್ಕ ನೀವೇ ಹಾಕಿ. ಒಂದು ಎಕರೆ ರಾಗಿಗೆ ಉಳುಮೆ, ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಕಣ, ಒಕ್ಕಣೆ. ವರ್ಷದಲ್ಲಿ ಎಷ್ಟು ಹೆಂಗಸರ ಎಷ್ಟು ದಿನದ ಕೆಲಸ! ನೀಲಗಿರಿಗೆ ಒಮ್ಮೆ ನೆಟ್ಟರಾಯಿತು, ಏಳೆಂಟು ವರ್ಷಕ್ಕೆ ಒಮ್ಮೆ ಕಡಿಯುವವರು ಬಂದರೆ ಸಾಕು. ಕಡಿದ ಬುಡ ಮತ್ತೆ ತಾನೇ ಚಿಗುರುತ್ತದೆ. ಹೊಲದ ಮಾಲೀಕನಿಗೆ ದುಡ್ಡು ಬಂತು, ನಿಜ. ಆದರೆ ಕಳೆ ಕೀಳುವವಳ ಕೂಲಿ ಹೋಯಿತು, ಹಕ್ಕಲು ಆಯುವವಳ ತೆನೆ ಹೋಯಿತು, ಒಂದೇ ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳ ಹುಲ್ಲು ಹೋಯಿತು. ಇವರು ಯಾರೂ ಹೊಲದ ಪಹಣಿಯಲ್ಲಿ ಇಲ್ಲ. ಆದ್ದರಿಂದ ಇವರನ್ನು ಯಾರೂ ಕೇಳಲಿಲ್ಲ.

ಹಾಗೆಂದು ನೀಲಗಿರಿ ನೆಟ್ಟ ರೈತನನ್ನು ಈ ಪೀಠದಿಂದ ಬೈಯಲು ನಮಗೆ ಬಾಯಿ ಬರುವುದಿಲ್ಲ. ಮೂರು ವರ್ಷ ಮಳೆಯಿಲ್ಲ, ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ, ಆಳು ಸಿಗುವುದಿಲ್ಲ, ರಾಗಿಗೆ ಬೆಲೆಯಿಲ್ಲ. ಅವನು ಏನು ಮಾಡಬೇಕಿತ್ತು? ಮತ್ತೆ ಬೈಯಲು ನಾವು ಯಾರು? ಈ ದೇವಾಲಯಕ್ಕೆ ಸೇರಿದ ಒಂದೂವರೆ ಎಕರೆಯಲ್ಲಿ ನೀಲಗಿರಿ ನಿಂತಿದ್ದು ನಿಮಗೆಲ್ಲ ಗೊತ್ತು. ಅದನ್ನು ಮಾರಿದ ಹಣದಿಂದಲೇ ಒಮ್ಮೆ ಗೋಪುರಕ್ಕೆ ಬಣ್ಣ ಹೊಡೆದದ್ದು. ನಾವು ಇಲ್ಲಿಗೆ ಬಂದ ಮೊದಲ ವರ್ಷ ಮುಂದಿನ ಕಡಿತಕ್ಕೆ ಎಷ್ಟು ಬರುತ್ತದೆ ಎಂದು ನಾವೂ ಲೆಕ್ಕ ಹಾಕಿದ್ದೆವು, ಮಕ್ಕಳ ಧರ್ಮೋಪದೇಶದ ಕೋಣೆಗೆ ಶೀಟು ಹಾಕಿಸಬಹುದು ಎಂದು. ಆ ಜಮೀನಿನ ಪಕ್ಕದ ಬಾವಿ ಬತ್ತಿದ್ದು ಏಕೆ ಎಂದು ನಾವು ಕೇಳಿರಲಿಲ್ಲ. ಒಬ್ಬ ತಾಯಿ ಕೇಳಿದರು. ಅವರು ಇಂದು ಇಲ್ಲೇ ಇದ್ದಾರೆ.

ಈ ಮರದ ವಿಷಯದಲ್ಲಿ ಕನ್ನಡ ನಾಡಿನ ಜನ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ಹೇಳಬೇಕು. ಧಾರವಾಡ ಸೀಮೆಯಲ್ಲಿ ಹಳ್ಳಿಗರ ಗೋಮಾಳಗಳನ್ನು, ಗುಡ್ಡಗಳನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಕೊಡಲು ಸರ್ಕಾರ ಒಪ್ಪಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಾವಿರಾರು ಜನ ಸೇರಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ್ ಮುಂತಾದವರು ಮುಂದಾಳುಗಳು. ಕಲ್ಲು ಹೊಡೆಯಲಿಲ್ಲ, ಬೆಂಕಿ ಹಚ್ಚಲಿಲ್ಲ. ಸಾಂಕೇತಿಕವಾಗಿ ಒಂದಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲೇ ಹಳ್ಳಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಇದೇ ವಿಷಯಕ್ಕೆ ಶಿವರಾಮ ಕಾರಂತರು ಅವರೊಂದಿಗೆ ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಕೀಳುವುದು ಸುಲಭ ಬಂಧುಗಳೇ. ಕಿತ್ತ ಗುಂಡಿಯಲ್ಲಿ ಏನನ್ನು ಹಚ್ಚುತ್ತೀರಿ ಎಂಬುದೇ ಪ್ರಶ್ನೆ. ಆ ಜನರ ಬಳಿ ಅದಕ್ಕೆ ಉತ್ತರವಿತ್ತು, ಅದಕ್ಕೇ ಅವರ ಮಾತು ನಡೆಯಿತು ಎಂದು ನಮ್ಮ ನಂಬಿಕೆ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದವು.

ನೀರಿನ ಮಾತು ಬಂತು. ನಿತ್ಯ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಶಾಶ್ವತ ನೀರಾವರಿ ಬೇಕೆಂದು, ಡಾ. ಜಿ.ಎಸ್. ಪರಮಶಿವಯ್ಯನವರ ವರದಿ ಜಾರಿಯಾಗಲೆಂದು ಕೋಲಾರ, ಚಿಕ್ಕಬಳ್ಳಾಪುರದ ರೈತರು ತಿಂಗಳುಗಟ್ಟಲೆ ಧರಣಿ ಕೂತು, 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟಾಗ ಪೊಲೀಸರ ಲಾಠಿ ತಿಂದರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡು, ಹೈಕೋರ್ಟು ತಡೆ ಕೊಟ್ಟು, ಮುಂದೆ ನೀರು ಮತ್ತೆ ಹರಿಯಿತು. ಅಂತರ್ಜಲ ಮೇಲೆ ಬಂದಿದೆ, ಹೊಲಗಳು ಹಸಿರಾಗಿವೆ ಎಂದು ಒಬ್ಬರು ಸಂತೋಷಪಡುತ್ತಾರೆ. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕು, ಆ ನೀರಿನಲ್ಲಿ ಬೆಳೆದ ಸೊಪ್ಪನ್ನು ನಾಳೆ ನಮ್ಮ ಮಕ್ಕಳೇ ತಿನ್ನುವುದು ಎಂದು ಇನ್ನೊಬ್ಬರು ಹೋರಾಡುತ್ತಾರೆ. ಇಬ್ಬರ ಮಾತೂ ನಮಗೆ ನಿಜವೆನಿಸುತ್ತದೆ. ನಮ್ಮದೇ ತಾಲ್ಲೂಕಿನ ಯರಗೋಳ್ ಅಣೆಕಟ್ಟೆಗೆ ನೆರೆಯ ತಮಿಳುನಾಡು ತಕರಾರು ತೆಗೆದು, ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದು ಕುಡಿಯುವ ನೀರಿನದು. ನಮ್ಮ ದೇವಾಲಯದಲ್ಲಿ ತಮಿಳಿನಲ್ಲಿ ಜಪಸರ ಹೇಳುವವರೂ ಕನ್ನಡದಲ್ಲಿ ಹೇಳುವವರೂ ಒಂದೇ ಬೆಂಚಿನಲ್ಲಿ ಕೂರುತ್ತೀರಿ. ಗಡಿಯ ಆಚೆಯ ರೈತನೂ ಮಾರ್ಕಂಡೇಯ ಹೊಳೆಯನ್ನೇ ನಂಬಿದವನು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುಳ್ಳುತಂತಿಯ ವಿಷಯ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಅದುವರೆಗೆ ಕೃಷಿಕರಲ್ಲದವರು, ಬೇರೆ ಆದಾಯ ಹೆಚ್ಚಾಗಿದ್ದವರು ಹೊಲ ಕೊಳ್ಳಲು ಅಡ್ಡಿಯಿತ್ತು. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು ಎಂದಾಯಿತು. ರೈತ ಸಂಘಟನೆಗಳು ಬೀದಿಗಿಳಿದವು. ಆಗ ವಿರೋಧಿಸಿದ ಪಕ್ಷ 2023ರಲ್ಲಿ ಅಧಿಕಾರಕ್ಕೆ ಬಂತು, ಮಾತು ತಣ್ಣಗಾಯಿತು. ಈ ಪೀಠದಿಂದ ನಾವು ಯಾವ ಪಕ್ಷಕ್ಕೂ ಮತ ಕೇಳುವುದಿಲ್ಲ, ಯಾವ ಪಕ್ಷವನ್ನೂ ಶಪಿಸುವುದಿಲ್ಲ. ಆದರೆ ಹೊಲದ ಪ್ರಶ್ನೆ ರಾಜಕೀಯ, ಅದು ದೇವಾಲಯದಲ್ಲಿ ಬೇಡ ಎಂದು ಹೇಳುವವರಿಗೆ ಮರಿಯಮ್ಮನವರ ಸ್ತುತಿಗೀತೆಯನ್ನು ತೋರಿಸುತ್ತೇವೆ. ಹಸಿದವರನ್ನು ತೃಪ್ತಿಪಡಿಸುವ, ಉಳ್ಳವರನ್ನು ಬರಿಗೈಯಲ್ಲಿ ಕಳಿಸುವ ದೇವರನ್ನು ಹಾಡಿದವರು ಇಂದು ಹುಟ್ಟಿದ ಈ ತಾಯಿಯೇ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ ಲೌದಾತೊ ಸಿ ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಬೇರೆ ಮಾಡಿ ಕೇಳಲಿಲ್ಲ.

ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ನಮ್ಮ ಕಡೆಯಿಂದ ಹಾದು ಹೋದ ಮೇಲೆ ಎಕರೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಮ್ಮ ಧರ್ಮಕೇಂದ್ರದ ಒಬ್ಬ ಮಗ ಹೊಲ ಮಾರಿದ ದಿನ ಮಿಠಾಯಿ ತಂದು ಕೊಟ್ಟ. ನಾವೂ ತಿಂದೆವು, ಆಶೀರ್ವದಿಸಿದೆವು. ಸಾಲ ತೀರಿತು ಎಂಬ ನೆಮ್ಮದಿ ಅವನ ಮುಖದಲ್ಲಿತ್ತು, ಅದನ್ನು ನಾವು ಹೇಗೆ ತಪ್ಪೆನ್ನೋಣ? ಆದರೆ ಅವನ ತಾಯಿ ಎರಡು ದಿನ ಬಿಟ್ಟು ಬಂದು, ಫಾದರ್, ಬೇಲಿಯ ಆಚೆ ನಮ್ಮ ಹುಣಸೆ ಮರ ಇದೆ, ಉದುರಿದ ಹಣ್ಣು ಆಯಲು ಕಾವಲುಗಾರ ಬಿಡುವುದಿಲ್ಲ ಎಂದರು. ತನ್ನದೇ ಹೊಲದಲ್ಲಿ ಹಕ್ಕಲು ಆಯುವ ಹಕ್ಕೂ ಆಕೆಗೆ ಉಳಿಯಲಿಲ್ಲ.

ಮಾರಲೊಲ್ಲೆ ಎಂದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆಂದು ಸರ್ಕಾರ ತೆಗೆದುಕೊಳ್ಳಲು ಹೊರಟಾಗ ಅಲ್ಲಿನ ರೈತರು, ಹೆಂಗಸರು, ಮುದುಕರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ನಾವು ಅನ್ನ ಬೆಳೆಯುವವರು, ರಾಗಿ, ದ್ರಾಕ್ಷಿ, ತರಕಾರಿ, ಹಾಲು ಕೊಡುವವರು ಎಂಬುದೇ ಅವರ ವಾದ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಇಷ್ಟವಿದ್ದು ಕೊಡುವವರಿಂದ ಮಾತ್ರ ಕೊಳ್ಳುತ್ತೇವೆ ಎಂದರು. ಆ ಕೊನೆಯ ಮಾತಿನಲ್ಲೇ ಮುಂದಿನ ಕಷ್ಟವೂ ಇದೆ. ಸರ್ಕಾರ ಬಲವಂತ ಮಾಡಿದರೆ ಎದುರು ನಿಲ್ಲಬಹುದು. ಒಬ್ಬೊಬ್ಬರಾಗಿ ನಾವೇ ಬಿಟ್ಟುಕೊಟ್ಟರೆ ಯಾರ ಎದುರು ಧರಣಿ ಕೂರುವುದು?

ಈಗ ನಮ್ಮ ಒಂದೂವರೆ ಎಕರೆಗೆ ಬರೋಣ. ಧರ್ಮಕೇಂದ್ರದ ಸಭೆಯಲ್ಲಿ ಎರಡು ಸಂಜೆ ಜಗಳವಾಯಿತು. ನೀಲಗಿರಿಯ ಬುಡ ಕೀಳಿಸಲು ಜೆಸಿಬಿಗೆ ಆಗುವ ಖರ್ಚು ರಾಗಿಯಲ್ಲಿ ಹತ್ತು ವರ್ಷಕ್ಕೂ ಹುಟ್ಟುವುದಿಲ್ಲ ಎಂದು ಖಜಾಂಚಿಯವರು ಹೇಳಿದರು. ಲೆಕ್ಕದಲ್ಲಿ ಅವರು ಸರಿ. ಆದರೂ ಕೀಳಿಸಿದೆವು. ಆಗಸ್ಟಿನಲ್ಲಿ ರಾಗಿ ಬಿತ್ತಿದೆವು, ಅಕ್ಕಡಿಗೆ ಅವರೆ ಮತ್ತು ತೊಗರಿ. ಕುರಿಗೆ ಹಿಡಿದು ಬಿತ್ತಲು ಗೊತ್ತಿದ್ದವರು ನಮ್ಮಲ್ಲಿ ಇಬ್ಬರೇ ಉಳಿದಿದ್ದರು, ಇಬ್ಬರಿಗೂ ಎಪ್ಪತ್ತು ದಾಟಿದೆ. ಅವರ ಹಿಂದೆ ಯುವಜನ ಕೂಟದ ಹುಡುಗರು ಕಾಳು ಚೆಲ್ಲುತ್ತಾ ಹೋದದ್ದನ್ನು ನೋಡಿ ನಗುವವರು ನಕ್ಕರು. ಪೈರು ಅಲ್ಲಲ್ಲಿ ಒತ್ತಾಗಿದೆ, ಅಲ್ಲಲ್ಲಿ ಬೋಳಾಗಿದೆ. ಹೊಲದ ನಾಲ್ಕೂ ಅಂಚಿನ ಎರಡೆರಡು ಸಾಲನ್ನು ಕೊಯ್ಯದೆ ಬಿಡಬೇಕು ಎಂದು ನಾವು ಸೂಚಿಸಿದಾಗ, ಬಾವಿಯ ಮಾತು ಎತ್ತಿದ್ದ ಅದೇ ತಾಯಿ ಎದ್ದು ನಿಂತು, ಫಾದರ್, ಅಂಚಿನ ತೆನೆ ಬಿಟ್ಟರೆ ಅದು ಬಡವರಿಗಲ್ಲ, ಆನೆಗೆ ಎಂದರು. ಸಭೆಯೆಲ್ಲ ನಕ್ಕಿತು. ಆದರೆ ಅವರು ಹೇಳಿದ್ದು ನಿಜ. ರಾಗಿ ಹಾಲುಗಟ್ಟುವ ಹೊತ್ತಿಗೆ ಆಂಧ್ರ, ತಮಿಳುನಾಡಿನ ಕಾಡುಗಳ ಕಡೆಯಿಂದ ಆನೆಗಳ ಹಿಂಡು ನಮ್ಮ ಹೋಬಳಿಗೆ ಇಳಿಯುತ್ತದೆ. ಕಾವಲಿಗೆ ಹೋದವರು ಮನೆಗೆ ಹೆಣವಾಗಿ ಬಂದದ್ದೂ ಇದೆ. ರಾಗಿ ಬೆಳೆಯಿರಿ ಎಂದು ಪೀಠದಿಂದ ಹೇಳುವುದು ಸುಲಭ, ರಾತ್ರಿ ಅಟ್ಟಣೆಯ ಮೇಲೆ ಕೂರುವವರು ನೀವು. ಆದ್ದರಿಂದ ರಾಗಿ ಬೆಳೆಯುವ ಮಾತು ಅರಣ್ಯ ಇಲಾಖೆಯನ್ನು ಬೇಲಿಗೂ ಪರಿಹಾರಕ್ಕೂ ಕೇಳುವ ಮಾತೂ ಹೌದು. ಒಬ್ಬ ರೈತ ಅರ್ಜಿ ಹಿಡಿದು ಹೋದರೆ ನಾಳೆ ಬಾ ಎನ್ನುತ್ತಾರೆ. ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರದು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಕಳೆದ ಸಭೆಗೆ ನಮ್ಮ ಧರ್ಮಕೇಂದ್ರದಿಂದ ಹೋದವರು ನಾಲ್ವರು, ಅದರಲ್ಲಿ ಇಬ್ಬರು ಮನೆ ಮಂಜೂರಾತಿ ಕೇಳಲು ಹೋದವರು. ಕೇಳಬೇಕಾದದ್ದು ಇನ್ನೂ ಇದೆ. ರಾಗಿ ಖರೀದಿ ಕೇಂದ್ರ ಎಲ್ಲಿ, ನೋಂದಣಿ ಯಾವಾಗ? 2025-26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. 2013-14ರಲ್ಲಿ ಅದು 1,500 ಇತ್ತು. ಬೆಲೆ ಏರಿದೆ, ಆದರೆ ನೋಂದಣಿ ಗೊತ್ತಾಗದೆ ದಲ್ಲಾಳಿಗೆ ಕಡಿಮೆಗೆ ಕೊಟ್ಟವರು ಇಲ್ಲೇ ಇದ್ದೀರಿ. ಹಾಗೆ ಸರ್ಕಾರ ಕೊಂಡ ರಾಗಿಯೇ ದಕ್ಷಿಣದ ಜಿಲ್ಲೆಗಳ ಪಡಿತರ ಅಂಗಡಿಗೆ ಬರುವುದು. ಹೊಲವಿಲ್ಲದ ಮನೆಗೆ ಇಂದಿನ ಹಕ್ಕಲು ಅದೇ. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕು ಎಂದಿದೆ, ನಮ್ಮ ತಾತ ಪಾಲು ಎಂದ ಹಾಗೆ. ಅಂಗಡಿಯಲ್ಲಿ ತೂಕ ಕಡಿಮೆ ಹಾಕಿದರೆ ಕೇಳಿ. ಪಡಿತರದ ರಾಗಿಯನ್ನು ಹೋಟೆಲಿನವರಿಗೆ ಮಾರಿ ಮೈದಾ ಕೊಳ್ಳುವವರಿಗೂ ಒಂದು ಮಾತು ಹೇಳಬೇಕಿತ್ತು, ಹಬ್ಬದ ದಿನ ಬೇಡ.

ಬಲಿಪೂಜೆಯ ನಂತರ ತೆನೆಗಳನ್ನು ಆಶೀರ್ವದಿಸಿ ಹಂಚುತ್ತೇವೆ. ಈ ವರ್ಷ ಪಾಯಸದ ಜೊತೆಗೆ ರಾಗಿ ಅಂಬಲಿಯೂ ಇದೆ, ಅಮ್ಮಂದಿರ ಕೂಟದವರು ಕಾಸಿದ್ದಾರೆ. ಮುಂದಿನ ಭಾನುವಾರ ಪೂಜೆಯಾದ ಮೇಲೆ ಒಂದೂವರೆ ಎಕರೆಯ ಕಳೆ ಕೀಳಲು ಜನ ಬೇಕು, ಬರುವವರು ಕುಡುಗೋಲು ತನ್ನಿ. ಗ್ರಾಮಸಭೆಗೆ ಹೋಗುವವರು ಉಪದೇಶಿಗಳ ಬಳಿ ಹೆಸರು ಬರೆಸಿ. ಅಂಚಿನ ಸಾಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕೊಯ್ದು ಕಟ್ಟಿಟ್ಟು, ಆನೆಯ ಕಣ್ಣಿಗೆ ಬೀಳದ ಹಾಗೆ ದೇವಾಲಯದ ಅಂಗಳದಲ್ಲೇ ಇಟ್ಟರೆ ಬೇಕಾದವರು ಕೇಳದೆ ಒಯ್ಯಬಹುದಲ್ಲ ಎಂದು ಆ ತಾಯಿ ಹೇಳಿದ್ದಾರೆ. ಯಾರು ಒಯ್ದರು ಎಂದು ನೋಡಲು ಯಾರೂ ಅಲ್ಲಿ ಕೂರಬಾರದು ಎಂಬುದು ಅವರ ಷರತ್ತು. ಈಗ ಎದ್ದು ನಿಂತು ನಮ್ಮ ವಿಶ್ವಾಸವನ್ನು ಪ್ರಕಟಿಸೋಣ.